ಮೇಣಕ್ಕೆ ಮುತ್ತೆಂದು ಹೆಸರಿಟ್ಟವಳು ನಾನೇ

ಹೋದ ತಿಂಗಳು ಶ್ವೇತಾ ಎಂಬ ಹುಡುಗಿ ಹಾನಗಲ್ಲಿನ ನಮ್ಮ ಮನೆಗೆ ಬಂದಿದ್ದಳು. ನಾನು ನಿವೃತ್ತಳಾದ ಮೇಲೆ ಖಾಲಿ ಬಿದ್ದಿದ್ದ ಜಾಗಕ್ಕೆ ಈಗ ಅವಳನ್ನು ತೆಗೆದುಕೊಂಡಿದ್ದಾರೆ. ಕೆಲಸವೆಂದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಹಳ್ಳಿಗಳಿಗೆ ಹೋಗಿ ಮಹಿಳಾ ಸಂಘದವರಿಗೆ ಶಾಂಪೂ, ಮುಖ ತೊಳೆಯುವ ದ್ರವ, ಕೈ ತೊಳೆಯುವ ದ್ರವ ಮಾಡುವುದನ್ನು ಕಲಿಸುವುದು. ಹುಡುಗಿ ಚುರುಕಾಗಿದ್ದಾಳೆ. ಚಹಾ ಕುಡಿದಾದ ಮೇಲೆ ಫೋನು ತೆಗೆದು ಒಂದು ವಿಡಿಯೊ ತೋರಿಸಿದಳು. ಅದರಲ್ಲಿ ಒಬ್ಬಾಕೆ ತಣ್ಣೀರಿಗೆ ಬಿಳಿ ಚಕ್ಕೆ ಸುರಿದು ಚಮಚೆಯಿಂದ ಎರಡು ಸುತ್ತು ತಿರುಗಿಸುತ್ತಾಳೆ. ಮರುಕ್ಷಣಕ್ಕೆ ಬಾಟಲಿ ತುಂಬ ಫಳಫಳ ಹೊಳೆಯುವ ಶಾಂಪೂ. ಕೆಳಗೆ ದೊಡ್ಡ ಅಕ್ಷರದಲ್ಲಿ, ‘ಮನೆಯಲ್ಲೇ ಮಾಡಿ ಮುತ್ತಿನ ಶಾಂಪೂ.’

“ಅಕ್ಕಾರ, ನಾ ಮಾಡಿದ್ರ ಹಿಂಗ ಬರವಲ್ದು. ಚಕ್ಕಿ ಹಂಗ ಮ್ಯಾಲ ತೇಲಾಕತ್ತಾವ,” ಅಂದಳು.

“ಬರೂದಿಲ್ಲವ್ವ. ಆಕಿ ಸುಳ್ಳ ಹೇಳಾಕತ್ತಾಳ.”

“ಮತ್ತ ಈ ಮುತ್ತು ಅನ್ನೂದು?”

“ಮುತ್ತು ಇಲ್ಲ ಅದರಾಗ. ಮ್ಯಾಣ ಐತಿ.”

ನನ್ನ ದನಿ ಏರಿದ್ದು ನನಗೇ ಗೊತ್ತಾಯಿತು. ಹುಡುಗಿ ಗಾಬರಿಯಾದಳು, ಪಾಪ. ಹೋಗುವಾಗ, “ನೀವು ಕಲಿಸಿದ್ದನ್ನ ಬರದು ಕೊಡ್ರಿ, ನಮಗ ಯಾರೂ ಹೇಳವ್ರಿಲ್ಲ” ಎಂದು ಕೇಳಿದಳು. ಅದಕ್ಕೆ ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲು-ಹಾರದ ಕಥೆ ಇದರಲ್ಲಿ ಇಲ್ಲ. ಸಿಟ್ಟು ಇದೆ. ಆ ಸಿಟ್ಟು ಬೇರೆಯವರ ಮೇಲೆ ಎಷ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ.

ಮೊದಲು ಆ ಚಕ್ಕೆಯ ವಿಷಯ. ಅಂಗಡಿಯವರು ಅದನ್ನು ಪರ್ಲ್ ಅನ್ನುತ್ತಾರೆ. ಕೊಬ್ಬಿನ ಆಮ್ಲದಿಂದ ಮಾಡಿದ, ಮುಟ್ಟಿದರೆ ಜಾರುವ, ಮೇಣದಂಥ ಬಿಳಿ ಚಕ್ಕೆ. ಅದು ತಲೆಯ ಕೊಳೆಯನ್ನು ಎಳ್ಳಷ್ಟೂ ತೆಗೆಯುವುದಿಲ್ಲ. ಕೊಳೆ ತೆಗೆಯುವುದು ನೊರೆ ಬರುವ ಅಂಟು ದ್ರವ, ಅಂಗಡಿಯಲ್ಲಿ ಬೇಸ್ ಅನ್ನುತ್ತಾರಲ್ಲ, ಅದು. ಚಕ್ಕೆ ಮಾಡುವ ಕೆಲಸ ಎರಡೇ: ಶಾಂಪೂಗೆ ಹೊಳಪು ಕೊಡುತ್ತದೆ, ಸ್ವಲ್ಪ ದಪ್ಪ ಮಾಡುತ್ತದೆ. ಒಂದು ಕಿಲೋ ಶಾಂಪೂಗೆ ಇಪ್ಪತ್ತು ಗ್ರಾಂ ಸಾಕು. ನೀರು ಮತ್ತು ಬೇಸನ್ನು ಬಿಸಿ ಮಾಡಿ, ಹಬೆ ಏಳುವಾಗ, ಕುದಿಯುವ ಮೊದಲು ಚಕ್ಕೆ ಹಾಕಬೇಕು. ಅದು ಪೂರ್ತಿ ಕರಗಬೇಕು. ಆಮೇಲೆ ನಿಧಾನವಾಗಿ ಕೈಯಾಡಿಸುತ್ತ ನಿಧಾನವಾಗಿಯೇ ಆರಿಸಬೇಕು. ಆರುವಾಗಲೇ ಹೊಳಪು ಹುಟ್ಟುವುದು. ಸುವಾಸನೆ ಹಾಕುವುದು ಪೂರ್ತಿ ಆರಿದ ಮೇಲೆ. ಇಷ್ಟೇ ವಿದ್ಯೆ. ಇಷ್ಟನ್ನು ಸರಿಯಾಗಿ ಕಲಿಯಲು ನನಗೆ ಐದು ವರ್ಷ ಬೇಕಾಯಿತು ಎಂದರೆ ನಮ್ಮ ಕಚೇರಿ ಹೇಗಿತ್ತೆಂದು ನೀವೇ ಲೆಕ್ಕ ಹಾಕಿರಿ.

ಕೆಲಸಕ್ಕೆ ಸೇರಿದ ದಿನ ನನಗೆ ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಸಣ್ಣ ಗ್ಯಾಸ್ ಒಲೆ, ಒಂದು ತಕ್ಕಡಿ, ಒಂದು ಪುಸ್ತಕ ಕೊಟ್ಟರು. ಬಿಸಿ ಅಳೆಯುವ ಥರ್ಮಾಮೀಟರ್ ಕೊಡಲಿಲ್ಲ. ಮೂರು ಸಲ ಬರೆದು ಕೇಳಿದೆ. ಮೂರನೆಯ ಸಲ ಕೊಟ್ಟದ್ದು ನಮ್ಮ ಸಂಸ್ಥೆಯ ಹೆಸರಿನ ಬ್ಯಾನರು. ಊರೂರಿಗೆ ಹೋಗಿ ಸಮುದಾಯ ಭವನದ ಗೋಡೆಗೆ ಅದನ್ನು ಕಟ್ಟಿ ಫೋಟೊ ತೆಗೆಸಿ ಕಳಿಸಬೇಕಿತ್ತು. ಶಾಂಪೂ ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಫೋಟೊ ಬರಲಿಲ್ಲವೆಂದರೆ ಮಾತ್ರ ಫೋನು ಬರುತ್ತಿತ್ತು. ಕೊನೆಗೆ ನಾನೇ ಒಂದು ಉಪಾಯ ಕಂಡುಕೊಂಡೆ: ಒಂದೇ ಒಂದು ಚಕ್ಕೆ ಹಾಕಿ ನೋಡುವುದು, ಹತ್ತು ಎಣಿಸುವುದರೊಳಗೆ ಕರಗಿತೆಂದರೆ ಬಿಸಿ ಸಾಕು, ಇಲ್ಲವಾದರೆ ಇನ್ನೂ ಕಾಯಬೇಕು. ಶ್ವೇತಾ, ನಿನಗೂ ಥರ್ಮಾಮೀಟರ್ ಕೊಟ್ಟಿರಲಿಕ್ಕಿಲ್ಲ, ಇದನ್ನು ನೆನಪಿಟ್ಟುಕೋ.

ಆ ಪುಸ್ತಕವನ್ನು ಬರೆದವರು ಯಾರೋ ಗೊತ್ತಿಲ್ಲ, ಅವರು ಜನ್ಮದಲ್ಲಿ ಒಲೆಯ ಮುಂದೆ ಕೂತವರಲ್ಲ ಎಂದು ಮಾತ್ರ ಬಲ್ಲೆ. ‘ಚಕ್ಕೆ ಹಾಕಿದ ನಂತರ ಚೆನ್ನಾಗಿ ಕಲಕಬೇಕು’ ಎಂದು ಬರೆದಿದ್ದರು. ಹಿರೇಕೆರೂರು ಕಡೆಯ ಒಂದು ಹಳ್ಳಿಯಲ್ಲಿ ಅದನ್ನು ಓದಿ ಹೇಳಿದೆ. ಎಲ್ಲರೂ ಎಮ್ಮೆ ಕಟ್ಟಿದ ಮನೆಯವರು. ಚೆನ್ನಾಗಿ ಕಲಕುವುದೆಂದರೆ ಅವರಿಗೆ ಒಂದೇ ಅರ್ಥ. ಒಬ್ಬಾಕೆ ಎದ್ದು ಹೋಗಿ ಮನೆಯಿಂದ ಮಜ್ಜಿಗೆ ಕಡೆಯುವ ಕಡಗೋಲು ತಂದಳು, ಇನ್ನೊಬ್ಬಾಕೆ ಹಗ್ಗ ಸುತ್ತಿದಳು, ಇಬ್ಬರೂ ಕೂತು ಸರಬರ ಕಡೆದರು. ನೊರೆ ಪಾತ್ರೆ ತುಂಬಿ, ಜಮಖಾನೆ ತುಂಬಿ, ಬಾಗಿಲಾಚೆ ಮೆಟ್ಟಿಲು ಇಳಿಯಿತು. ಹೆಂಗಸರು ನಕ್ಕು ನಕ್ಕು ಸುಸ್ತಾದರು. ನಾನು ಮಾತ್ರ ಅವರ ಮೇಲೆ ರೇಗಿದೆ. ಈಗ ಅನಿಸುತ್ತದೆ, ರೇಗಬೇಕಾದದ್ದು ಪುಸ್ತಕದ ಮೇಲೆ. ಕೈಯಾಡಿಸುವುದಕ್ಕೂ ಕಡೆಯುವುದಕ್ಕೂ ವ್ಯತ್ಯಾಸ ತಿಳಿಯದವರು ಹೆಂಗಸರಿಗೆ ಪಾಠ ಬರೆದಿದ್ದರು.

ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಿ ಬಸಮ್ಮ ಎಂಬ ವಯಸ್ಸಾದ ಹೆಂಗಸು ಸಿಕ್ಕರು. ಮೊದಲ ದಿನವೇ ಚಕ್ಕೆಯನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ತಿಕ್ಕಿ, ಮೂಸಿ ನೋಡಿ, “ಮ್ಯಾಣಬತ್ತಿ ಹೆರದಂಗ ಐತಲ್ರಿ ಅಕ್ಕಾರ. ಮ್ಯಾಣದ ಚಕ್ಕಿ ಅನ್ರಿ ಇದಕ್ಕ” ಅಂದರು.

ನಾನು ಓದಿದವಳಲ್ಲವೇ, ಸುಮ್ಮನಿರಲಾಗಲಿಲ್ಲ. “ಹಂಗ ಅನಬ್ಯಾಡ್ರಿ. ಪರ್ಲ್ ಅಂದ್ರ ಮುತ್ತು. ಮುತ್ತಿನ ಚಕ್ಕಿ ಅನ್ರಿ, ಛಲೋ ಕೇಳಸ್ತೈತಿ,” ಎಂದೆ.

“ಮುತ್ತು ಹಾಕ್ಯಾರೇನ್ರಿ ಇದರಾಗ?”

“ಮುತ್ತಿನಂಗ ಹೊಳೀತೈತಿ, ಅದಕ್ಕ.”

ಬಸಮ್ಮ ಗೋಣು ಹಾಕಿದರು. ಮುಟ್ಟಿ, ಮೂಸಿ, ಸರಿಯಾದ ಹೆಸರನ್ನು ಒಬ್ಬರು ಇಟ್ಟಿದ್ದರು. ನಾನು ಅದನ್ನು ಕಿತ್ತು ಹಾಕಿ ಸುಳ್ಳು ಹೆಸರು ಕೊಟ್ಟೆ. ಅಂದಿನಿಂದ ನಾಲ್ಕೂ ತಾಲೂಕಿನಲ್ಲಿ ಅದು ಮುತ್ತಿನ ಚಕ್ಕೆಯಾಯಿತು. ಹೋದಲ್ಲೆಲ್ಲ ನಾನೇ ಹೇಳಿಕೊಂಡು ಬಂದೆ.

ಅದೇ ಬಸಮ್ಮನಿಂದ ನನ್ನ ಇನ್ನೊಂದು ತಪ್ಪು ಬಯಲಾಯಿತು. ತರಬೇತಿ ಹನ್ನೊಂದಕ್ಕೆ ಶುರುವಾಗಿ ನಾಲ್ಕಕ್ಕೆ ಮುಗಿಯಬೇಕು, ನಾಲ್ಕೂವರೆಗೆ ನನ್ನ ಬಸ್ಸು. ಶಾಂಪೂ ಆರುವವರೆಗೆ ಕಾಯಲು ಪುರುಸೊತ್ತೆಲ್ಲಿ? ಪಾತ್ರೆಯನ್ನು ತಣ್ಣೀರಿನ ದೊಡ್ಡ ಬೋಗುಣಿಯಲ್ಲಿ ಇಳಿಸಿ ಬೇಗ ಆರಿಸುತ್ತಿದ್ದೆ. ಹೊಳಪು ಬರುತ್ತಿರಲಿಲ್ಲ, ಅಕ್ಕಿಯ ಗಂಜಿಯ ಹಾಗೆ ಬೆಳ್ಳಗೆ ಕೂತುಬಿಡುತ್ತಿತ್ತು. “ಮಾಲು ಖೊಟ್ಟಿ ಐತಿ” ಎಂದು ಅಂಗಡಿಯವನ ಮೇಲೆ ಹಾಕುತ್ತಿದ್ದೆ. ಅವನಿಗೆ ಎಷ್ಟು ಬೈದಿದ್ದೇನೆಂದರೆ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಒಂದು ದಿನ ಹತ್ತಿಮತ್ತೂರಿನಲ್ಲಿ ನಳ ಬಂದಿರಲಿಲ್ಲ, ಬೋಗುಣಿಗೆ ನೀರಿಲ್ಲ. ನಾನು ಬಸ್ಸಿಗೆ ಓಡಿದೆ. ಬಸಮ್ಮ ಬಿಸಿ ಪಾತ್ರೆಯನ್ನು ಮನೆಗೆ ಒಯ್ದು, ಹಾಲಿಗೆ ಹೆಪ್ಪು ಹಾಕಿದಾಗ ಮಾಡುವಂತೆ ಕಂಬಳಿ ಸುತ್ತಿ ಮೂಲೆಯಲ್ಲಿಟ್ಟರು. ಮರುದಿನ ಬೆಳಿಗ್ಗೆ ಫೋನು ಬಂತು: “ಅಕ್ಕಾರ, ಲಗೂನ ಬಂದು ನೋಡ್ರಿ.”

ಹೋಗಿ ನೋಡಿದೆ. ಅಂಥ ಹೊಳಪನ್ನು ನಾನು ಅಂಗಡಿಯ ಬಾಟಲಿಯಲ್ಲೂ ಕಂಡಿರಲಿಲ್ಲ. ಬಸಮ್ಮ, “ಎರಡು ಸಲ ಎದ್ದು ಸೌಟಿಲೆ ಹಗೂರಕ ಕೈಯಾಡ್ಸೀನ್ರಿ, ಮತ್ತ ಮುಚ್ಚೀನಿ, ಮತ್ತೇನ ಮಾಡಿಲ್ಲ” ಅಂದರು. ನಾನು ಅಷ್ಟು ವರ್ಷ ಹಾಳು ಮಾಡಿದ್ದನ್ನು ಒಂದು ಕಂಬಳಿ ಸರಿ ಮಾಡಿತ್ತು. ಕಚೇರಿಗೆ ಬರೆದೆ: ತರಬೇತಿಯನ್ನು ಎರಡು ದಿನ ಮಾಡಿರಿ, ಮೊದಲ ದಿನ ಕಾಯಿಸಿ ಮುಚ್ಚಿಡುತ್ತೇವೆ, ಎರಡನೆಯ ದಿನ ತುಂಬುತ್ತೇವೆ. ‘ಒಂದು ದಿನಕ್ಕೆ ಮಾತ್ರ ಮಂಜೂರಾತಿ ಇದೆ’ ಎಂದು ಒಂದು ಸಾಲಿನ ಉತ್ತರ ಬಂತು. ಅಂದಿನಿಂದ ನಾನೇ ಪ್ರತಿ ಊರಿಗೆ ಎರಡು ದಿನ ಹೋದೆ, ಎರಡನೆಯ ದಿನವನ್ನು ರಜೆ ಎಂದು ಬರೆದುಕೊಂಡರು.

ಇನ್ನು ಚನ್ನವ್ವನ ಕಥೆ. ಇದನ್ನು ಬರೆಯಬಾರದೆಂದುಕೊಂಡು ಇಷ್ಟು ಹೊತ್ತು ಸುತ್ತು ಹಾಕಿದೆ.

ಚನ್ನವ್ವ ಅಕ್ಕಿಆಲೂರಿನವಳು, ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಮನೆ. ಅತ್ತೆಯ ಕಾಲದಿಂದ ಅವರ ಮನೆಯ ಶೀಗೆಕಾಯಿ ಪುಡಿ ಆ ಓಣಿಗೆಲ್ಲ ಹೋಗುತ್ತಿತ್ತು. ಸಂತೆಯ ದಿನ ಹಳ್ಳಿಯವರೂ ಬಂದು ಒಯ್ಯುತ್ತಿದ್ದರು. ‘ಚನ್ನವ್ವನ ಪುಡಿ’ ಅಂದರೆ ಮತ್ತೆ ಯಾರೂ ಮುಚ್ಚಳ ತೆಗೆದು ನೋಡುತ್ತಿರಲಿಲ್ಲ. ಆಕೆಯ ಆಸ್ತಿಯೆಂದರೆ ಆ ನಂಬಿಕೆಯೇ. ಅಂಥವಳನ್ನು ಶಾಂಪೂ ಮಾಡಲು ಎಳೆದು ತಂದವಳು ನಾನು. ಮೊದಲು ಒಲ್ಲೆನೆಂದಳು, ಆಮೇಲೆ ಕಲಿತಳು. ಕಲಿತ ಮೇಲೆ ಕಂಬಳಿ ಸುತ್ತುವುದರಲ್ಲಿ ಬಸಮ್ಮನನ್ನೂ ಮೀರಿಸಿದಳು. ಓಣಿಯವರು ಆ ಶಾಂಪೂವನ್ನೂ ನಂಬಿದರು, ಸಂಘದವರು ಆಕೆಯನ್ನೇ ಅಧ್ಯಕ್ಷೆ ಮಾಡಿದರು.

ಆ ಹೊತ್ತಿಗೆ ನಮ್ಮ ಕಚೇರಿಗೆ ಹೊಸ ಸಾಹೇಬರು ಬಂದರು. ಹೆಸರು ಬೇಡ. ಗೊಟಗೋಡಿಯ ಶಿಲ್ಪವನ ನೋಡಲು ಬರುವ ಜನರಿಗಾಗಿ ಹೆದ್ದಾರಿಯ ಪಕ್ಕ ಒಂದು ಮಳಿಗೆ ಹಾಕಿ ಸಂಘಗಳ ಮಾಲು ಇಡುವುದು ಅವರ ಯೋಜನೆ. ಯೋಜನೆ ಕೆಟ್ಟದ್ದಲ್ಲ. ಚನ್ನವ್ವನ ಶಾಂಪೂವನ್ನು ಬಾಟಲಿ ಅಲ್ಲಾಡಿಸಿ ನೋಡಿ ಮುಖ ಹಿಂಡಿದರು.

“ಮೇಡಂ, ಇನ್ನೂ ದಪ್ಪ ಆಗ್ಬೇಕು. ಇನ್ನೂ ಹೊಳೀಬೇಕು. ಬೇಸ್ ಅರ್ಧಕ್ಕ ಇಳಸ್ರಿ, ನಿಮ್ಮ ಆ ಮುತ್ತಿನ ಚಕ್ಕಿ ಮೂರು ಪಟ್ಟು ಹಾಕ್ರಿ.”

“ಬೇಸ್ ಇಳಿಸಿದ್ರ ಕೊಳಿ ಹೋಗೂದಿಲ್ರಿ ಸರ್.”

“ಗಿರಾಕಿ ಕಣ್ಣಿಲೆ ತಗೋತಾನ್ರಿ, ತಲಿಲೆ ಅಲ್ಲ.”

ಆ ಮಾತು ಕೇಳಿ ಅಲ್ಲಿದ್ದ ನಾಲ್ಕು ಜನ ನಕ್ಕರು. ನಾನೂ ನಕ್ಕೆ ಅನಿಸುತ್ತದೆ. ಒಂದು ವಾರಕ್ಕೆ ಬಣ್ಣದ ಚೀಟಿಗಳು ಅಚ್ಚಾಗಿ ಬಂದವು. ಬಾಯ್ದೆರೆದ ಚಿಪ್ಪು, ಅದರೊಳಗೊಂದು ಮುತ್ತು, ಕೆಳಗೆ ‘ಅಪ್ಪಟ ಮುತ್ತಿನ ಅಂಶವಿರುವ ಶಾಂಪೂ.’ ನಾನು ಬಾಯಿಗೆ ಛಲೋ ಕೇಳಿಸಲಿ ಎಂದು ಇಟ್ಟ ಹೆಸರು ಅಲ್ಲಿ ಅಚ್ಚಾಗಿ ಕೂತಿತ್ತು. ಚನ್ನವ್ವನಿಗೆ ಹೊಸ ಅಳತೆಯ ಕಾಗದ ಕೊಟ್ಟವಳೂ ನಾನೇ. ಆಕೆ ಓದಿ, “ಅಕ್ಕಾರ, ನೀವ ಕಲಿಸಿದ್ದು ಬ್ಯಾರೆ ಇತ್ತಲ್ರಿ?” ಎಂದು ಕೇಳಿದಳು. “ಮ್ಯಾಲಿನವ್ರು ಹೇಳ್ಯಾರವ್ವ, ಮಾಡು” ಎಂದೆ. ಮೇಲಿನವರು ಎಂಬ ಪದವನ್ನು ಆಡುವಷ್ಟು ಸುಲಭವಾದ ಕೆಲಸ ಇನ್ನೊಂದಿಲ್ಲ ನೋಡು ಶ್ವೇತಾ. ಆಡಿದ ಕೂಡಲೇ ನಮ್ಮ ತಲೆಯ ಭಾರ ಇಳಿದಂತಾಗುತ್ತದೆ.

ಚನ್ನವ್ವನ ಮನೆಯಿಂದ ಮೂರು ಬಾಗಿಲು ಆಚೆ ಶಾಂತವ್ವನ ಮನೆ. ಶಾಂತವ್ವನ ಮಗಳ ಮದುವೆ ಬಂತು. ನಮ್ಮ ಕಡೆ ಮದುವೆಗೆ ಮುಂಚೆ ಸುರಗಿ ನೀರು ಹಾಕುತ್ತಾರೆ, ಮದುಮಗಳಿಗೆ ನೆತ್ತಿಯಿಂದ ಪಾದದವರೆಗೆ ಎಣ್ಣೆ ಅರಿಶಿಣ ಹಚ್ಚಿ ಎರೆಯುತ್ತಾರೆ. ಆ ಎಣ್ಣೆ ತೆಗೆಯಲು ಯಾವಾಗಲೂ ಚನ್ನವ್ವನ ಶೀಗೆಕಾಯಿ. ಈ ಸಲ ಚನ್ನವ್ವ ಅಭಿಮಾನದಿಂದ ಮೂರು ಬಾಟಲಿ ಹೊಸ ಶಾಂಪೂ ಉಡುಗೊರೆ ಕೊಟ್ಟಳಂತೆ, “ಮದುಮಗಳ ತಲೀಗೆ ಮುತ್ತಿಂದ ಹಾಕ್ರಿ” ಎಂದಳಂತೆ.

ಅದಾದ ಮೇಲಿನ ವಾರ ನಾನು ಚನ್ನವ್ವನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಶಾಂತವ್ವ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲಾಚೆ ನಿಂತರು. ಮೂರು ಖಾಲಿ ಬಾಟಲಿಗಳನ್ನು ಕಟ್ಟೆಯ ಮೇಲೆ ಒಂದೊಂದಾಗಿ ಇಟ್ಟರು.

“ಮೂರೂ ಸುರಿದ್ವಿ ಚನ್ನವ್ವ. ಎಣ್ಣಿ ಹೋಗ್ಲಿಲ್ಲ. ಎಣ್ಣಿ ಮ್ಯಾಲ ಮ್ಯಾಣ ಬಡದಂಗ ಆತು. ಕೂದ್ಲಾ ಜಡಿ ಜಡಿ ಅಂಟಿ, ಹೂವಿನ ಜಡಿ ಕೂಡಲಿಲ್ಲ. ಬೀಗರ ಮಂದಿ ಮುಟ್ಟಿ ನೋಡಿ, ಹುಡುಗಿಗೆ ತಲಿ ಎರದ ಕರಕೊಂಡ ಬಂದಿಲ್ಲೇನು ಅಂತ ನಾಲ್ಕು ಮಂದ್ಯಾಗ ಕೇಳಿದ್ರು. ನನ್ನ ಮಗಳು ತಲಿ ಮ್ಯಾಲ ಅಕ್ಕಿಕಾಳು ಬೀಳೂ ಹೊತ್ತಿನಾಗ ಅಳಕೋತ ಕುಂತಿದ್ಲು.”

ಚನ್ನವ್ವ ಒಂದು ಬಾಟಲಿ ಎತ್ತಿ ಮುಚ್ಚಳ ತೆಗೆದು ಮೂಸಿದಳು.

“ಮುತ್ತು ಹಾಕೀನಿ ಅಂದಿ. ನಾ ನಂಬಿದ್ನಿ. ನಿಮ್ಮತ್ತಿ ಇದ್ದಿದ್ರ ಹಿಂಗ ಮಾಡ್ತಿದ್ಲೇನು?”

ಚನ್ನವ್ವ ಹೊರಳಿ ನನ್ನ ಕಡೆ ನೋಡಿದಳು. ಆಗ ನಾನು ಎದ್ದು ನಿಂತು, ‘ತಪ್ಪು ಈಕೆಯದಲ್ಲ, ಅಳತೆ ನಮ್ಮ ಕಚೇರಿಯದು, ಮುತ್ತು ಎಂಬ ಸುಳ್ಳು ನನ್ನದು’ ಎಂದು ಹೇಳಬೇಕಿತ್ತು. ಮೂರು ಮಾತು. ಚಹಾದ ಕಪ್ಪಿನಲ್ಲಿ ಏನೋ ಬಿದ್ದಿದೆ ಎಂಬಂತೆ ಅದನ್ನೇ ನೋಡುತ್ತ ಕೂತೆ. ಶಾಂತವ್ವ ಹೊರಟುಹೋದರು.

ಬೀಗರ ಮನೆಯವರೊಬ್ಬರು ಕಚೇರಿಗೆ ದೂರು ಬರೆದರು. ಸಾಹೇಬರು ನನ್ನನ್ನು ಕರೆಸಿ ಒಂದು ವರದಿ ಮುಂದಿಟ್ಟರು. ‘ಸದರಿ ಉತ್ಪಾದಕರು ತರಬೇತಿಯಲ್ಲಿ ತಿಳಿಸಿದ ಪ್ರಮಾಣವನ್ನು ಪಾಲಿಸದೆ ನಿರ್ಲಕ್ಷ್ಯ ತೋರಿರುತ್ತಾರೆ.’ ಕೆಳಗೆ ತರಬೇತುದಾರರ ಸಹಿಗೆ ಜಾಗ.

“ಸರ್, ಆ ಅಳತಿ ನೀವ ಕೊಟ್ಟಿದ್ದು,” ಎಂದೆ.

“ನಿಮಗ ಇನ್ನ ಎರಡು ವರ್ಷ ನೌಕರಿ ಐತಲ್ರಿ ಮೇಡಂ? ನಿಶ್ಚಿಂತಿಯಿಂದ ಮುಗಸ್ರಿ,” ಎಂದು ಪೆನ್ನು ಕೊಟ್ಟರು.

ಸಹಿ ಮಾಡಿದೆ. ಎರಡು ವರ್ಷ ನಿಶ್ಚಿಂತೆಯಿಂದಲೇ ಮುಗಿಸಿದೆ. ಬೀಳ್ಕೊಡುಗೆಯ ದಿನ ಅದೇ ಸಾಹೇಬರು ನನ್ನ ಪ್ರಾಮಾಣಿಕತೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು, ನಾನು ಹಾರ ಹಾಕಿಸಿಕೊಂಡು ಕೇಳಿದೆ. ಅತ್ತ ಚನ್ನವ್ವನ ಬಾಟಲಿಗಳನ್ನು ಮಳಿಗೆಯಿಂದ ತೆಗೆದರು. ಸಂಘದ ಅಧ್ಯಕ್ಷತೆಯಿಂದ ಇಳಿಸಿದರು. ಅದು ಹೋಗಲಿ. ಓಣಿಯವರು ಶೀಗೆಕಾಯಿ ಒಯ್ಯಲು ಬರುವುದನ್ನೇ ಬಿಟ್ಟರು. ಅತ್ತೆ-ಸೊಸೆ ಇಬ್ಬರೂ ಜೀವಮಾನವೆಲ್ಲ ಕಾಪಾಡಿಕೊಂಡು ಬಂದ ಹೆಸರನ್ನು ಒಂದು ಸಹಿಯಿಂದ ಅಳಿಸಿದೆ. ನನಗೆ ಆ ಸಾಹೇಬರ ಮೇಲೆ ಇವತ್ತಿಗೂ ಸಿಟ್ಟಿದೆ. ಆದರೆ ಅವರು ನನ್ನ ಕೈ ಹಿಡಿದು ಬರೆಸಲಿಲ್ಲ.

ಈಗ ವಿಧಾನ ಬಹಳ ಬದಲಾಗಿದೆ ಎನ್ನುತ್ತಾರೆ. ಚಕ್ಕೆ ಕರಗಿಸುವ ಗೋಜೇ ಇಲ್ಲ, ಕರಗಿಸಿ ತಯಾರು ಮಾಡಿದ ಹೊಳಪಿನ ಪೇಸ್ಟು ಡಬ್ಬಿಯಲ್ಲಿ ಸಿಗುತ್ತದಂತೆ, ತಣ್ಣಗಿರುವಾಗಲೇ ಬೆರೆಸಬಹುದಂತೆ. ಬೆರೆಸಿರಿ, ತಪ್ಪಿಲ್ಲ. ಹೊಳಪಿನಲ್ಲೂ ತಪ್ಪಿಲ್ಲ, ನೋಡಲು ಚೆಂದವಿದ್ದರೆ ಕೊಳ್ಳುವವರಿಗೂ ಖುಷಿ. ದಪ್ಪ ಬೇಕೆಂದು ಕೆಲವರು ಉಪ್ಪಿನ ನೀರು ಹಾಕುತ್ತಾರೆ. ಸ್ವಲ್ಪ ಹಾಕಿದರೆ ದಪ್ಪವಾಗುತ್ತದೆ, ಹೆಚ್ಚಾದರೆ ಮತ್ತೆ ನೀರಾಗುತ್ತದೆ, ಅದನ್ನೂ ಹೇಳಿ ಕೊಡು. ಆದರೆ ಹೊಳಪು ಹೊಳಪಿನ ಕೆಲಸ ಮಾಡಬೇಕು, ತೊಳೆಯುವುದು ತೊಳೆಯುವ ಕೆಲಸ ಮಾಡಬೇಕು. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸು ಎಂದು ಯಾರಾದರೂ ಹೇಳಿದರೆ ಅವತ್ತೇ ಅಲ್ಲೇ ಆಗುವುದಿಲ್ಲ ಅನ್ನು.

ಶ್ವೇತಾ ವಿಡಿಯೊ ತೋರಿಸಿ ಹೋದ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಎರಡು ದಿನ ಬಿಟ್ಟು ಅಕ್ಕಿಆಲೂರಿನ ಬಸ್ಸು ಹತ್ತಿದೆ. ಗಿರಣಿಯ ಹಿಂದಿನ ಓಣಿಗೆ ನಿವೃತ್ತಳಾದ ಮೇಲೆ ಕಾಲಿಟ್ಟಿದ್ದು ಅದೇ ಮೊದಲು. ಚನ್ನವ್ವ ಪಡಸಾಲೆಯಲ್ಲಿ ಕೂತು ಶೀಗೆಕಾಯಿ ಆರಿಸುತ್ತಿದ್ದಳು. “ಬರ್ರಿ ಅಕ್ಕಾರ, ಕುಂದರ್ರಿ” ಎಂದಳು, ಎಲ್ಲರಿಗೂ ಅನ್ನುವ ಹಾಗೆ. ಮೂಲೆಯಲ್ಲಿ ಕಂಬಳಿ ಸುತ್ತಿದ ಒಂದು ಪಾತ್ರೆ ಇತ್ತು.

“ಮತ್ತ ಶಾಂಪೂ ಮಾಡಾಕತ್ತಿ?”

“ನಿಮ್ಮ ಮೊದಲಿನ ಅಳತೀಲೆ ಮಾಡಾಕತ್ತೇನ್ರಿ. ಒಯ್ಯವ್ರಿಲ್ಲ. ಮನಿಮಂದಿಗೆ ಆಕ್ಕೈತಿ.”

ಕೂರದೆ ನಿಂತೇ ಹೇಳಿದೆ. “ಚನ್ನವ್ವ, ಆ ವರದೀಗೆ ಸಹಿ ಮಾಡಿದಾಕಿ ನಾನ.”

“ಗೊತ್ತೈತ್ರಿ. ಅದರದೊಂದು ನಕಲು ನನಗೂ ಕಳಿಸಿದ್ರು.” ಶೀಗೆಕಾಯಿಯಿಂದ ಕೈ ತೆಗೆಯಲಿಲ್ಲ. “ನಿಮ್ಮ ಅಕ್ಷರ ನಾ ಮರೀತೇನೇನ್ರಿ? ನನಗ ಓದಾಕ ಬರಿಯಾಕ ಕಲಿಸಿದವರು ನೀವು.”

ಅಳುತ್ತಾಳೆ, ಬಯ್ಯುತ್ತಾಳೆ ಎಂದು ತಯಾರಾಗಿ ಹೋಗಿದ್ದೆ. ಅವೆರಡೂ ಆಗಲಿಲ್ಲ. ಎದ್ದು ಒಳಗೆ ಹೋಗಿ ಒಂದು ಬಿಳಿ ಚೀಟಿ, ಒಂದು ಪೆನ್ನು, ಆರಿದ ಶಾಂಪೂ ತುಂಬಿದ ಒಂದು ಬಾಟಲಿ ತಂದು ನನ್ನ ಮುಂದಿಟ್ಟಳು.

“ಬರೀರಿ. ಇದರಾಗ ಏನೈತಿ, ಏನಿಲ್ಲ, ಅಷ್ಟ ಬರೀರಿ.”

ಬರೆದೆ. ‘ನೀರು, ಬೇಸ್, ಸುವಾಸನೆ. ಹೊಳಪಿಗೆ ಮೇಣದ ಚಕ್ಕೆ. ಮುತ್ತು ಇಲ್ಲ.’ ಬಸಮ್ಮ ಇಟ್ಟ ಹೆಸರನ್ನು ಅಷ್ಟು ವರ್ಷದ ಮೇಲೆ ಮೊದಲ ಸಲ ಬರೆದಿದ್ದೆ.

“ಕೆಳಗ ಸಹಿ ಮಾಡ್ರಿ. ಅದರಾಗ ಮಾಡಿದಂಗ.”

ಮಾಡಿದೆ. ಚನ್ನವ್ವ ಚೀಟಿ ಅಂಟಿಸಿ, ಸೆರಗು ಸರಿ ಮಾಡಿಕೊಂಡು, ಚಪ್ಪಲಿ ಮೆಟ್ಟಿದಳು. “ನಡೀರಿ, ಶಾಂತವ್ವನ ಮನಿಗೆ ಹೋಗೂಣು. ನಾ ಹೇಳಿದ್ರ ನಂಬೂದಿಲ್ಲ. ನೀವ ಓದಿ ಹೇಳ್ರಿ.”

ಮೂರು ಬಾಗಿಲು. ಮೂವತ್ತು ವರ್ಷ ನಾಲ್ಕು ತಾಲೂಕು ತಿರುಗಿದವಳು ಆ ಮೂರು ಬಾಗಿಲನ್ನು ಒಂದೊಂದಾಗಿ ಎಣಿಸುತ್ತ ನಡೆದೆ. ಶಾಂತವ್ವ ಬಾಗಿಲಲ್ಲೇ ಅಕ್ಕಿ ಹಸನು ಮಾಡುತ್ತ ಕೂತಿದ್ದರು. ಮೊರ ಕೆಳಗಿಡಲಿಲ್ಲ. ನಾನು ಹೊಸ್ತಿಲಾಚೆ ನಿಂತು ಚೀಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಆಮೇಲೆ ಅಳತೆ ಬದಲಿಸಿದ್ದು ಯಾರು, ಮುತ್ತು ಎಂದದ್ದು ಯಾರು, ವರದಿಗೆ ಸಹಿ ಮಾಡಿದ್ದು ಯಾರು, ಎಲ್ಲ ಹೇಳಿದೆ. ಚನ್ನವ್ವ ನನ್ನ ಹಿಂದೆ ಬಾಟಲಿ ಹಿಡಿದು ನಿಂತಿದ್ದಳು.

ಶಾಂತವ್ವ ಬಾಟಲಿ ಇಸಿದುಕೊಂಡು ಪಕ್ಕಕ್ಕಿಟ್ಟರು. ನನ್ನ ಕಡೆ ತಿರುಗಿದರು.

“ಅವತ್ತ ನಾ ಬಂದಾಗ ನೀವು ಆ ಕಟ್ಟಿ ಮ್ಯಾಲ ಚಾ ಕುಡಕೋತ ಕುಂತಿದ್ರಲ್ರಿ?”

“ಹೌದ್ರಿ,” ಎಂದೆ. “ಕುಂತಿದ್ನಿ.”